ಋಣದ ವಂಶಾವಳಿ

ಬೇಲೂರು ತಾಲ್ಲೂಕಿನ ಎಲ್ಲ ಹೋಬಳಿಗಳಿಗೂ ಮಳೆ ಒಂದೇ ಸಮ ಬರುವುದಿಲ್ಲ. ಅರೇಹಳ್ಳಿ, ಬಿಕ್ಕೋಡಿನ ಕಡೆ ಕಾಫಿ, ಮೆಣಸು, ಏಲಕ್ಕಿ. ಹಳೇಬೀಡು, ಮಾದಿಹಳ್ಳಿಯ ಕಡೆ ರಾಗಿ, ಜೋಳ, ಆಲೂಗೆಡ್ಡೆ, ಜೊತೆಗೆ ರಣಘಟ್ಟದಿಂದ ಯಗಚಿಯ ನೀರು ತಂದು ಕೆರೆ ತುಂಬಿಸಬೇಕೆಂಬ ವರ್ಷಾನುಗಟ್ಟಲೆಯ ಕೂಗು. ಒಂದೇ ತಾಲ್ಲೂಕು ಹೀಗೆ ಮಲೆಯೆಂದೂ ಬಯಲೆಂದೂ ಎರಡಾಗಿರುವುದರಿಂದ ಕೂಲಿ ಹುಡುಕಿಕೊಂಡು ಮಲೆಗೆ ಹತ್ತುವುದು, ಸಂತೆಗೆಂದು ಬಯಲಿಗೆ ಇಳಿಯುವುದು ಇಲ್ಲಿಯವರಿಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಗೆ ದೂರದವರೂ ಬಂದು ಸೇರಿಕೊಂಡರು. ಬಾಬಾಬುಡನ್ ಗಿರಿಯ ದಕ್ಷಿಣಕ್ಕೆ ಕ್ಯಾನನ್ ಎಂಬ ದೊರೆ ಕಾಫಿ ತೋಟ ಮಾಡಿದ. 1843ರಲ್ಲಿ ಮಂಜರಾಬಾದಿನಲ್ಲಿ, ಅಂದರೆ ಇಂದಿನ ಸಕಲೇಶಪುರದ ಸೀಮೆಯಲ್ಲಿ, ಫ್ರೆಡರಿಕ್ ಗ್ರೀನ್ ಶುರುಮಾಡಿದ. 1855ರಲ್ಲಿ ಹಡಗು ಹತ್ತಿದ ಸ್ಕಾಟ್ಲೆಂಡಿನ ರಾಬರ್ಟ್ ಎಲಿಯಟ್ ಅದೇ ಮಂಜರಾಬಾದಿನಲ್ಲಿ ಕಾಡು ಕಡಿಸಿ ತೋಟ ಎಬ್ಬಿಸಿದ, ಅದರ ಬಗ್ಗೆ 1871ರಲ್ಲೂ 1894ರಲ್ಲೂ ದಪ್ಪ ಪುಸ್ತಕಗಳನ್ನು ಬರೆದ. ಇವರ ಹಿಂದೆಯೇ, ಇವರ ಹತ್ತರಷ್ಟು ನೂರರಷ್ಟು ಸಂಖ್ಯೆಯಲ್ಲಿ, ಇನ್ನೊಂದು ಬಗೆಯ ವಲಸಿಗರು ಬಂದರು: ಘಟ್ಟದ ಕೆಳಗಿನ ತುಳುನಾಡಿನವರು, ತಮಿಳು ಸೀಮೆಯವರು, ಪಕ್ಕದ ಬಯಲಿನ ಹಳ್ಳಿಗಳವರು. ಮೇಸ್ತ್ರಿಯ ಕೈಯಿಂದ ಮುಂಗಡ ಈಸಿಕೊಂಡು ತೋಟ ಸೇರಿ, ಲೈನ್ ಮನೆಗಳಲ್ಲಿ ನಿಂತವರು ಇವರು.

ಇವತ್ತು ಮೊದಲ ಗುಂಪಿನ ವಂಶಾವಳಿಯನ್ನು ಹುಡುಕುವುದು ಸುಲಭ. ಭಾರತದಲ್ಲಿ ಹುಟ್ಟಿದ, ಮದುವೆಯಾದ, ಸತ್ತ ಯುರೋಪಿಯನ್ನರ ಚರ್ಚ್ ದಾಖಲೆಗಳ ಪ್ರತಿ ಲಂಡನ್ನಿಗೆ ಹೋಗುತ್ತಿತ್ತು. ಅವು ಈಗಲೂ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ. ದಕ್ಷಿಣ ಏಷ್ಯಾದ ಯುರೋಪಿಯನ್ ಗೋರಿಗಳನ್ನು ಪಟ್ಟಿಮಾಡಲೆಂದೇ ಇಂಗ್ಲೆಂಡಿನಲ್ಲಿ 1970ರ ದಶಕದಿಂದ ಒಂದು ಸಂಘ ಕೆಲಸ ಮಾಡುತ್ತಿದೆ. ಮರಿಮೊಮ್ಮಗನೊಬ್ಬ ಎಡಿನ್‌ಬರೋದಲ್ಲಿ ಕುಳಿತು ತನ್ನ ಅಜ್ಜನ ಅಜ್ಜ ಯಾವ ಊರಲ್ಲಿ, ಯಾವ ವರ್ಷ, ಯಾವ ಜ್ವರಕ್ಕೆ ಸತ್ತ ಎಂಬುದನ್ನು ತಿಳಿಯಬಹುದು. ಎರಡನೆಯ ಗುಂಪಿಗೆ ಇದ್ದ ದಾಖಲೆ ಚೆಕ್‌ರೋಲ್ ಒಂದೇ: ತೋಟದ ರೈಟರು ದಿನವೂ ಹಾಜರಿ ಗುರುತು ಹಾಕುವ ಉದ್ದನೆಯ ಪುಸ್ತಕ. ಅದರಲ್ಲಿ ಹೆಸರು, ಹಾಜರಿ, ಕೂಲಿ, ಮುಂಗಡದ ಬಾಕಿ ಇರುತ್ತಿತ್ತೇ ಹೊರತು ಅಪ್ಪ ಯಾರು, ಊರು ಯಾವುದು ಎಂಬುದು ರೈಟರಿಗೆ ಬೇಕಿರಲಿಲ್ಲ. ಹಾಗಾಗಿ ಒಂದೇ ತೋಟಕ್ಕೆ ಒಂದೇ ದಶಕದಲ್ಲಿ ಬಂದ ಎರಡು ಕುಟುಂಬಗಳಲ್ಲಿ ಒಂದಕ್ಕೆ ವಂಶವಿದೆ, ಇನ್ನೊಂದಕ್ಕೆ ಸಂತಾನ ಮಾತ್ರ ಇದೆ. ಇದನ್ನು ಬರಿಯ ಕಾಗದಪತ್ರದ ಕೊರತೆ ಎಂದು ತಳ್ಳಿಹಾಕಬಹುದು. ಆದರೆ ಇದರ ಕೆಳಗೆ ಧರ್ಮಶಾಸ್ತ್ರಕಾರರೂ ಶರಣರೂ ತಲೆಕೆಡಿಸಿಕೊಂಡ ಪ್ರಶ್ನೆಯೊಂದಿದೆ: ವಂಶ ಎಂಬುದು ಎಲ್ಲೋ ಇದ್ದು ನಾವು ಹೋಗಿ ಪತ್ತೆಹಚ್ಚುವ ಸಂಗತಿಯೋ, ಅಥವಾ ಯಾರಿಂದ ಏನು ಪಡೆದಿದ್ದೇವೆ ಎಂಬುದರ ಲೆಕ್ಕವೋ? ವಂಶಾವಳಿಗೆ ಧಾರ್ಮಿಕವಾದ ಅರ್ಥವೇನಾದರೂ ಇದ್ದರೆ ಅದು ಎರಡನೆಯದು ಎಂಬುದು ನನ್ನ ವಾದ. ರಕ್ತ ಅದಕ್ಕೆ ಒಂದು ಸಾಕ್ಷಿ. ಅದೊಂದೇ ಸಾಕ್ಷಿಯಲ್ಲ, ಎಷ್ಟೋ ಸಲ ಮುಖ್ಯ ಸಾಕ್ಷಿಯೂ ಅಲ್ಲ.

ರಕ್ತದ ಲೆಕ್ಕವನ್ನೇ ಮೊದಲು ನೋಡೋಣ. ತಲೆಮಾರಿಗೆ ಇಪ್ಪತ್ತೈದು ವರ್ಷ ಹಿಡಿದರೆ ಗ್ರೀನ್ ಬಂದ ಕಾಲ ನಮಗಿಂತ ಏಳು ತಲೆಮಾರು ಹಿಂದಿನದು. ಏಳನೆಯ ಮೆಟ್ಟಿಲಲ್ಲಿ ಪ್ರತಿಯೊಬ್ಬರಿಗೂ 128 ಮಂದಿ ಹಿರಿಯರಿರುತ್ತಾರೆ. ಮನೆತನದ ಹೆಸರು ಹಿಡಿದು ಹಿಂದಕ್ಕೆ ಹೋಗುವವನು ಅವರಲ್ಲಿ ಒಬ್ಬನನ್ನು ಮಾತ್ರ ಮುಟ್ಟುತ್ತಾನೆ. ಉಳಿದ 127 ಜನ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು, ಲೆಕ್ಕದಿಂದ ಬಿದ್ದುಹೋಗುತ್ತಾರೆ. ಇನ್ನೂ ಹಿಂದಕ್ಕೆ, ಬೇಲೂರಿನ ದೇವಾಲಯ ಎದ್ದ 1117ರವರೆಗೆ ಹೋದರೆ ಮೂವತ್ತಾರು ತಲೆಮಾರು. ಎರಡನ್ನು ಮೂವತ್ತಾರು ಸಲ ಗುಣಿಸಿದರೆ ಬರುವ ಸಂಖ್ಯೆ ಆರು ಸಾವಿರ ಕೋಟಿಯನ್ನು ದಾಟುತ್ತದೆ. ಅಷ್ಟು ಜನ ಆಗ ಭೂಮಿಯ ಮೇಲೆ ಇರಲೇ ಇಲ್ಲ. ಅಂದರೆ ಅದೇ ಮನುಷ್ಯರು ಮತ್ತೆ ಮತ್ತೆ, ಬೇರೆ ಬೇರೆ ಕವಲುಗಳಲ್ಲಿ, ನಮ್ಮ ಹಿರಿಯರಾಗಿ ಬರುತ್ತಾರೆ. ನನ್ನ ಹಿರಿಯರು ನಿಮ್ಮ ಹಿರಿಯರೂ ಆಗಿರುತ್ತಾರೆ. ರಕ್ತವನ್ನು ಪ್ರಾಮಾಣಿಕವಾಗಿ ಹಿಂಬಾಲಿಸಿದವನಿಗೆ ಸಿಗುವುದು ಮನೆತನವಲ್ಲ, ಜನಸಮುದ್ರ.

ಇದು ಇಂದಿನ ಗಣಿತ ಮಾತ್ರ ಹೇಳುವ ಮಾತೆಂದು ತಿಳಿಯಬೇಕಿಲ್ಲ. ಆ ದೇವಾಲಯ ಕಟ್ಟಿಸಿದ ಹೊಯ್ಸಳ ದೊರೆ ವಿಷ್ಣುವರ್ಧನನಿಗೆ ಒಡೆಯನಾಗಿದ್ದ ಚಾಳುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದನ್ನು ಕಂಡಿದ್ದ. ಸಪಿಂಡರು, ಅಂದರೆ ಹತ್ತಿರದ ಬಂಧುಗಳು, ಯಾರು ಎಂಬ ಪ್ರಶ್ನೆಗೆ ನಮ್ಮಲ್ಲಿ ಎರಡು ಉತ್ತರಗಳಿವೆ. ಬಂಗಾಳದ ಜೀಮೂತವಾಹನ ತನ್ನ ದಾಯಭಾಗದಲ್ಲಿ, ಶ್ರಾದ್ಧದ ಪಿಂಡವನ್ನು ಯಾರು ಯಾರಿಗೆ ಕೊಡಬಲ್ಲರೋ ಅದರ ಮೇಲೆ ಸಂಬಂಧವನ್ನು ಕಟ್ಟಿದ. ವಿಜ್ಞಾನೇಶ್ವರನ ನಿಲುವು ಬೇರೆ: ಒಂದೇ ಶರೀರದ ಅಂಶಗಳನ್ನು ಹಂಚಿಕೊಂಡವರು ಸಪಿಂಡರು, ತಂದೆಯ ಶರೀರದಿಂದಲೂ ತಾಯಿಯ ಶರೀರದಿಂದಲೂ. ನನ್ನ ವಾದಕ್ಕೆ ಜೀಮೂತವಾಹನ ಅನುಕೂಲ, ವಿಜ್ಞಾನೇಶ್ವರ ಎದುರಾಳಿ ಎಂದು ಮೇಲುನೋಟಕ್ಕೆ ಕಾಣುತ್ತದೆ. ಆದರೆ ಶರೀರದ ಪಕ್ಷ ಹಿಡಿದ ಅದೇ ಪಂಡಿತ, ಮುಂದಿನ ಹೆಜ್ಜೆಯಲ್ಲೇ ತನ್ನ ಪಕ್ಷದ ತೊಡಕನ್ನು ತಾನೇ ಎತ್ತುತ್ತಾನೆ: ಅನಾದಿಯಾದ ಈ ಸಂಸಾರದಲ್ಲಿ ಹೇಗೋ ಎಲ್ಲರಿಗೂ ಎಲ್ಲರೊಡನೆ ಶರೀರಸಂಬಂಧ ಬಂದೇ ಬರುತ್ತದೆ, ಆಗ ಸಪಿಂಡರಲ್ಲದವರೇ ಸಿಗದ ಅತಿಪ್ರಸಂಗವಾಗುತ್ತದೆ, ಆದ್ದರಿಂದಲೇ ಸ್ಮೃತಿ ತಾಯಿಯ ಕಡೆ ಐದು, ತಂದೆಯ ಕಡೆ ಏಳು ತಲೆಮಾರಿಗೆ ಗೆರೆ ಎಳೆದಿದೆ ಎನ್ನುತ್ತಾನೆ. ಶರೀರಕ್ಕೆ ತನ್ನದೇ ಆದ ಗಡಿಯಿಲ್ಲ, ಗಡಿ ಹಾಕುವವರು ಮನುಷ್ಯರು ಎಂದು ಒಪ್ಪಿಕೊಂಡ ಹಾಗಾಯಿತು. ಗೆರೆ ಎಲ್ಲಿ ಎಳೆಯಬೇಕು, ಯಾತಕ್ಕೆ ಎಳೆಯಬೇಕು ಎಂಬ ಪ್ರಶ್ನೆ ಬಂದ ಕೂಡಲೇ ನಾವು ವೈದ್ಯಶಾಸ್ತ್ರದಿಂದ ಧರ್ಮದ ವಿಚಾರಕ್ಕೆ ಬಂದಿರುತ್ತೇವೆ.

ಗೆರೆ ಎಳೆಯುವವರು ಅದನ್ನು ತಮಗೆ ಬೇಕಾದ ಹಾಗೆ ಎಳೆದುಕೊಳ್ಳುತ್ತಾರೆ ಎಂಬುದಕ್ಕೆ ಬೇಲೂರು–ಹಳೇಬೀಡಿನ ಕಲ್ಲುಗಳಿಗಿಂತ ಒಳ್ಳೆಯ ಪುರಾವೆ ಬೇಡ. ಹೊಯ್ಸಳರ ಶಾಸನಗಳು ಶುರುವಾಗುವುದೇ ವಂಶಾವಳಿಯಿಂದ: ವಿಷ್ಣುವಿನ ನಾಭಿಕಮಲದಿಂದ ಬ್ರಹ್ಮ, ಬ್ರಹ್ಮನಿಂದ ಅತ್ರಿ, ಅತ್ರಿಯಿಂದ ಚಂದ್ರ, ಮುಂದೆ ಪುರೂರವ, ಆಯು, ನಹುಷ, ಯಯಾತಿ, ಯದು; ಯದುವಿನ ಕುಲದಲ್ಲಿ ಹುಲಿ ಹೊಡೆದ ಸಳ; ಸಳನಾದ ಮೇಲೆ ವಿನಯಾದಿತ್ಯ, ಎರೆಯಂಗ. ಯದುವಿಗೂ ಸಳನಿಗೂ ನಡುವಿನ ಯುಗಗಳನ್ನು ಒಂದೇ ಉಸಿರಿನಲ್ಲಿ ದಾಟಿಬಿಡುತ್ತಾರೆ. ಹೆಚ್ಚಿನ ವಿನೋದವಿರುವುದು ಇನ್ನೊಂದು ಕಡೆ. ಹನ್ನೊಂದನೆಯ ಶತಮಾನದ ಆದಿಯಲ್ಲಿ ನಿಜವಾಗಿಯೂ ಬದುಕಿ, ಆಳಿ, ಹೊಡೆದಾಡಿದ ನೃಪಕಾಮನ ಹೆಸರು ಬಹಳಷ್ಟು ವಂಶಾವಳಿಗಳಲ್ಲಿ ಕಾಣುವುದೇ ಇಲ್ಲ. ಪುರಾಣದ ಅಜ್ಜ ಉಳಿದ, ಮನೆಯ ಅಜ್ಜ ಬಿದ್ದುಹೋದ. ಬಿರುದುಗಳನ್ನು ನೋಡಿದರೆ ಈ ಎರಡೆಳೆ ಇನ್ನೂ ಸ್ಪಷ್ಟ: ದ್ವಾರಾವತೀಪುರವರಾಧೀಶ್ವರ, ಯಾದವಕುಲಾಂಬರದ್ಯುಮಣಿ ಎಂದು ದೂರದ ಕಡಲತೀರದಿಂದ ಬಂದ ವಲಸೆಯ ಕುಲವಾಗಿ ತಮ್ಮನ್ನು ಕರೆದುಕೊಂಡವರು ಅದೇ ಸಾಲಿನಲ್ಲಿ ಮಲೆಪರೊಳ್ಗಂಡ ಎಂದೂ ಹೇಳಿಕೊಂಡರು, ಇದೇ ಪಕ್ಕದ ಮಲೆಯ ಪಾಳೆಯಗಾರರಲ್ಲಿ ಗಂಡಸು ನಾನು ಎಂದು. ಮೂಡಿಗೆರೆಯ ಅಂಗಡಿ, ಅಂದರೆ ಹಿಂದಿನ ಸೊಸೆವೂರು, ಅವರ ಮೂಲ. ಅಲ್ಲಿನ ವಾಸಂತಿಕಾ ದೇವಿ, ಊರವರ ವಾಸಂತಮ್ಮ, ಇಂದಿಗೂ ಪೂಜೆ ಪಡೆಯುತ್ತಿದ್ದಾಳೆ. ಯದುವಿನ ವಂಶದಿಂದ ಹೊಯ್ಸಳರು ಪಡೆದದ್ದು ಗೌರವ, ಯದುವಿಗೆ ಅವರು ಕೊಡಬೇಕಾದ್ದು ಏನೂ ಇರಲಿಲ್ಲ. ವಾಸಂತಿಕೆಗೆ ಕೊಡಬೇಕಾದ್ದು ಇತ್ತು. ಖರ್ಚಿಲ್ಲದೆ ಸಿಗುವ ಪೂರ್ವಜನನ್ನು ಅನುಮಾನದಿಂದಲೇ ನೋಡಬೇಕು ಎಂದು ನನಗೆ ಈ ಶಾಸನಗಳನ್ನು ಓದಿದಾಗೆಲ್ಲ ಅನ್ನಿಸುತ್ತದೆ.

ಈ ಕಲ್ಲುಗಳನ್ನು ನಮಗೆ ಓದಿಸಿದವರು ಕೂಡ ಒಂದು ವಲಸೆ ಕುಟುಂಬದವರೇ. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಬೆಂಗಳೂರಿಗೆ ಬಂದದ್ದು 1837ರಲ್ಲಿ. ಅದೇ ವರ್ಷ ಅಲ್ಲೇ ಅವರ ಮಗ ಲೂಯಿಸ್ ಹುಟ್ಟಿದ. ಅಪ್ಪ ಐವತ್ತು ವರ್ಷ ಕನ್ನಡದಲ್ಲಿ ಬೋಧಿಸಿ 1887ರಲ್ಲಿ ತೀರಿಕೊಂಡರು. ಬೆಂಗಳೂರಿನ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಅವರ ಹೆಸರಿನದು. ಇನ್ನೊಬ್ಬ ಮಗ ಎಡ್ವರ್ಡ್ ಪೀಟರ್ ರೈಸ್ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಲೂಯಿಸ್ ಶಾಲಾ ಇಲಾಖೆಯಲ್ಲಿದ್ದುಕೊಂಡೇ ಊರೂರು ತಿರುಗಿ ಶಾಸನ ನಕಲು ಮಾಡಿಸಿ, ಮುಂದೆ ಮೈಸೂರಿನ ಪ್ರಾಚ್ಯವಸ್ತು ಇಲಾಖೆಯ ಮುಖ್ಯಸ್ಥರಾಗಿ, ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡು ಸಂಪುಟಗಳನ್ನು ಹೊರತಂದರು. ಅದರ ಐದನೆಯ ಸಂಪುಟ ಹಾಸನ ಜಿಲ್ಲೆಯದು, 1902ರದು. 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು, 1927ರಲ್ಲಿ ಅಲ್ಲೇ ತೀರಿಕೊಂಡರು. ಈಗ ಈ ಕುಟುಂಬದ ಸಂತತಿಯನ್ನು ಹುಡುಕಹೊರಟವನು ಎರಡು ದಾರಿ ಹಿಡಿಯಬಹುದು. ಒಂದು ದಾರಿ ಹುಟ್ಟು ಮದುವೆಗಳ ದಾಖಲೆ ಹಿಡಿದು ಇಂಗ್ಲೆಂಡಿನ ಮನೆಗಳಿಗೆ ಹೋಗುತ್ತದೆ. ಇನ್ನೊಂದು ದಾರಿ ಅವರ ಕುರ್ಚಿಯಲ್ಲಿ ಕುಳಿತ ಆರ್. ನರಸಿಂಹಾಚಾರ್ಯರ ಕಡೆಗೆ, ಅಲ್ಲಿಂದ 1936ರಲ್ಲಿ ಇದೇ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದ ಎಂ.ಎಚ್. ಕೃಷ್ಣರ ಕಡೆಗೆ, ಅಲ್ಲಿಂದ ಇಂದು ಹೊಲದ ಬದುವಿನಲ್ಲಿ ವೀರಗಲ್ಲು ಕಂಡರೆ ಸುಣ್ಣ ಬಳಿಯಬೇಡಿ ಎಂದು ಊರವರಿಗೆ ಹೇಳುವ ಹೈಸ್ಕೂಲು ಮೇಷ್ಟರ ಕಡೆಗೆ ಹೋಗುತ್ತದೆ. ಎರಡನೆಯದನ್ನು ವಂಶ ಎನ್ನುವುದು ಬಾಯಿಮಾತಿನ ಅಲಂಕಾರವೆಂದು ಯಾರಾದರೂ ಆಕ್ಷೇಪಿಸಿಯಾರು. ಆದರೆ ಬೃಹದಾರಣ್ಯಕ ಉಪನಿಷತ್ತಿನಲ್ಲಿ ವಂಶ ಎಂದು ಹೆಸರಾದ ಭಾಗಗಳು ಇಂಥವೇ ಪಟ್ಟಿಗಳು: ಯಾರು ಯಾರಿಂದ ಕಲಿತರು ಎಂಬ ಸಾಲು. ಕೊನೆಯ ಅಧ್ಯಾಯದ ಪಟ್ಟಿಯಲ್ಲಂತೂ ಆಚಾರ್ಯರಲ್ಲಿ ಬಹಳಷ್ಟು ಮಂದಿ ತಾಯಂದಿರ ಹೆಸರಿನಿಂದ ಬರುತ್ತಾರೆ, ಪೌತಿಮಾಷೀಪುತ್ರ, ಕಾತ್ಯಾಯನೀಪುತ್ರ, ಗೌತಮೀಪುತ್ರ ಎಂದು. ವಿದ್ಯೆಯ ಸಾಲು, ತಾಯಿಯ ಗುರುತು. ತಂದೆಯ ಬೀಜಕ್ಕೆ ಅಲ್ಲಿ ಕೆಲಸವೇ ಇಲ್ಲ. ತೈತ್ತಿರೀಯ ಸಂಹಿತೆ ಬ್ರಾಹ್ಮಣ ಹುಟ್ಟುವಾಗಲೇ ಮೂರು ಋಣ ಹೊತ್ತು ಬರುತ್ತಾನೆ ಎನ್ನುವಾಗ ಋಷಿಗಳ ಋಣವನ್ನೂ ಪಿತೃಗಳ ಋಣವನ್ನೂ ಒಂದೇ ಸಾಲಿನಲ್ಲಿ ಇಟ್ಟಿದೆ. ಎರಡೂ ಸಾಲವೇ ಆದರೆ, ಎರಡೂ ವಂಶವೇ.

ಆಚರಣೆಗಳನ್ನು ನೋಡಿದರೆ ಈ ಮಾತು ಇನ್ನೂ ಗಟ್ಟಿಯಾಗುತ್ತದೆ. ಶ್ರಾದ್ಧದಲ್ಲಿ ಹೆಸರು ಹಿಡಿದು ಪಿಂಡ ಸಲ್ಲುವುದು ಮೂವರಿಗೆ: ತಂದೆ, ಅಜ್ಜ, ಮುತ್ತಜ್ಜ. ಅದರಾಚೆಯವರಿಗೆ ಕೈಗಂಟಿದ ಅನ್ನದ ಲೇಪ. ಹತ್ತು ತಲೆಮಾರಿನ ಪಟ್ಟಿ ಬೇಕೆಂದು ಯಾವ ಪುರೋಹಿತನೂ ಕೇಳುವುದಿಲ್ಲ. ಗೋತ್ರ ಗೊತ್ತಿಲ್ಲದವನಿಗೆ ಕಾಶ್ಯಪ ಗೋತ್ರ ಹೇಳಿಕೊಳ್ಳಲು ಶಾಸ್ತ್ರವೇ ದಾರಿ ಬಿಟ್ಟಿದೆ. ವಂಶ ತಿಳಿಯದಿದ್ದರೂ ಋಣ ತೀರಿಸುವುದು ನಿಲ್ಲಬಾರದು ಎಂಬುದೇ ಅದರ ಅರ್ಥ. ತರ್ಪಣದ ಕೊನೆಯಲ್ಲಿ ಒಂದು ಸಣ್ಣ ಕ್ರಿಯೆಯಿದೆ. ನೀರು ಬಿಟ್ಟಾದ ಮೇಲೆ ಕರ್ತೃ ತನ್ನ ಒದ್ದೆ ಬಟ್ಟೆಯ ಅಂಚನ್ನು ಹಿಂಡುತ್ತಾನೆ. ಆ ಹಿಂಡಿದ ನೀರು ಕುಲದಲ್ಲಿ ಹುಟ್ಟಿ ಮಕ್ಕಳಿಲ್ಲದೆ ಸತ್ತವರಿಗೆ, ನೀರು ಬಿಡಲು ಯಾರೂ ಉಳಿದಿಲ್ಲದವರಿಗೆ. ವಂಶವೃಕ್ಷದ ನಕ್ಷೆಯಲ್ಲಿ ಇವರು ಮುಂದೆ ಗೆರೆಯಿಲ್ಲದೆ ನಿಂತುಬಿಡುವ ಹೆಸರುಗಳು. ಆಚರಣೆ ಅವರನ್ನು ಹುಡುಕಿ ಕರೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಮಹಾಲಯದ ಹೊತ್ತಿಗೆ ಹಿರಿಯರಿಗೆ ಎಡೆ ಇಡುವಾಗಲೂ ಹೀಗೆಯೇ. ಹೊಸ ಬಟ್ಟೆ, ಸತ್ತವರಿಗೆ ಇಷ್ಟವಾಗಿದ್ದ ತಿಂಡಿ, ಧೂಪ; ಅಜ್ಜನ ಹೆಸರಿನಾಚೆ ನೆನಪಿಲ್ಲದವರೂ ಹಿರಿಯರೆಲ್ಲ ಬರಲಿ ಎಂದು ಕೈಮುಗಿಯುತ್ತಾರೆ. ಇನ್ನು ಹೆಳವರು. ಎತ್ತಿನ ಮೇಲೆ ಕುಳಿತು ಬಂದು ಮನೆಯ ಮುಂದೆ ನಿಂತು ತಲೆತಲಾಂತರದ ಹೆಸರುಗಳನ್ನು ಒಪ್ಪಿಸುವುದು ಅವರ ಕುಲವೃತ್ತಿ. ಹಿರಿಯರ ಹೆಸರು ಹೇಳಿಯಾದ ಮೇಲೆ ದವಸವೋ ದನವೋ ಬಟ್ಟೆಯೋ ಕೇಳುತ್ತಾರೆ, ಮನೆಯವರು ಕೊಡುತ್ತಾರೆ, ಹೊಸದಾಗಿ ಹುಟ್ಟಿದವರ ಹೆಸರು ಅವರ ಪುಸ್ತಕ ಸೇರುತ್ತದೆ. ಕನ್ನಡನಾಡಿನಲ್ಲಿ ವಂಶಾವಳಿ ಹೇಳುವುದನ್ನೇ ಬದುಕು ಮಾಡಿಕೊಂಡ ಈ ಜನ ಅದನ್ನು ಕೊಡುವುದರೊಂದಿಗೆ ಹೊಲಿದುಬಿಟ್ಟಿದ್ದಾರೆ. ಕೇಳಿ ಸಂತೋಷಪಟ್ಟು ಬಾಗಿಲು ಹಾಕಿಕೊಳ್ಳುವ ಹಾಗಿಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ರಕ್ತವನ್ನು ಕೀಳುಗಳೆದು ಸಂಬಂಧವನ್ನು ಮನ್ನಣೆಯ ಮೇಲೆ ನಿಲ್ಲಿಸಿದರೆ, ಮನ್ನಣೆ ಕೊಡಲೊಲ್ಲದವನಿಗೆ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟ ಹಾಗೆ. ತೋಟದ ದೊರೆಗೂ ಲೈನಿನ ಹೆಣ್ಣಿಗೂ ಹುಟ್ಟಿದ ಮಗುವಿಗೆ ತನ್ನ ಕಡೆ ಇದ್ದ ಆಧಾರ ರಕ್ತ ಒಂದೇ. ಅದನ್ನೂ ತತ್ತ್ವದ ಹೆಸರಿನಲ್ಲಿ ಕಿತ್ತುಕೊಂಡರೆ ಉಳಿಯುವುದೇನು? ಇದು ಕಲ್ಪನೆಯ ಮಾತಲ್ಲ. ಡಾರ್ಜಿಲಿಂಗ್, ಅಸ್ಸಾಮಿನ ಚಹಾ ತೋಟಗಳ ಇಂಥ ಮಕ್ಕಳಿಗಾಗಿ ಸ್ಕಾಟಿಷ್ ಪಾದ್ರಿ ಜಾನ್ ಗ್ರಹಾಂ 1900ರಲ್ಲಿ ಕಾಲಿಂಪಾಂಗಿನಲ್ಲಿ ಶಾಲೆ ತೆರೆದ. ಮಕ್ಕಳನ್ನು ತಾಯಂದಿರಿಂದ ದೂರವಿಟ್ಟು ಬೆಳೆಸಿ, 1908ರಿಂದ ನೂರಕ್ಕೂ ಹೆಚ್ಚು ಮಂದಿಯನ್ನು ನ್ಯೂಜಿಲೆಂಡಿಗೆ ಕಳಿಸಲಾಯಿತು. ಅಲ್ಲಿನ ಮೊಮ್ಮಕ್ಕಳು ಇಂದು ಕಾಗದ ಹಿಡಿದು ಹುಡುಕಿದರೆ ತೋಟದ ಅಜ್ಜನ ಹೆಸರು ಸಿಗುತ್ತದೆ. ಅಜ್ಜಿಯ ಹೆಸರು ಹಲವು ಸಲ ಸಿಗುವುದಿಲ್ಲ. ನಮ್ಮ ಸಂವಿಧಾನವೂ ಈ ಓರೆಯನ್ನು ನೇರಮಾಡಲಿಲ್ಲ. 366ನೆಯ ವಿಧಿ ಆಂಗ್ಲೋ-ಇಂಡಿಯನ್ ಯಾರೆಂದು ಹೇಳುವಾಗ ತಂದೆ ಅಥವಾ ಗಂಡು ಸಾಲಿನ ಪೂರ್ವಜ ಯುರೋಪಿಯನ್ ಆಗಿರಬೇಕು ಎನ್ನುತ್ತದೆ. ಯುರೋಪಿಯನ್ ತಾಯಿ, ಭಾರತೀಯ ತಂದೆಯ ಮಗು ಆ ಲೆಕ್ಕಕ್ಕೆ ಬರುವುದಿಲ್ಲ. ತಮಾಷೆಯೆಂದರೆ ಇದೇ ಮಲೆಯ ತೋಟಗಳಿಗೆ ಘಟ್ಟ ಹತ್ತಿ ಬಂದ ತುಳುವರಲ್ಲಿ ಹಲವು ಸಮುದಾಯಗಳು ಬಳಿಯನ್ನು, ಅಂದರೆ ಕುಲವನ್ನು, ಎಣಿಸುವುದು ತಾಯಿಯ ಕಡೆಯಿಂದ. ಅವರ ಕಟ್ಟಿನ ಪ್ರಕಾರ ತುಳು ತಾಯಿಯ ಮಗು ಅಮ್ಮನ ಬಳಿಯದು, ದೊರೆ ಒಪ್ಪಲಿ ಬಿಡಲಿ. ಎರಡು ಕುಲಪದ್ಧತಿಗಳು ಒಂದೇ ಮಗುವನ್ನು ನೋಡಿ ಬೇರೆ ಬೇರೆ ತೀರ್ಪು ಕೊಡುತ್ತವೆ ಎಂದಾದರೆ, ರಕ್ತ ತಾನಾಗಿ ಏನನ್ನೂ ಹೇಳಲಿಲ್ಲ ಎಂದಾಯಿತು.

ಆಕ್ಷೇಪಕ್ಕೆ ಉತ್ತರ ಋಣ ಮತ್ತು ಮನ್ನಣೆಗಳ ವ್ಯತ್ಯಾಸದಲ್ಲಿದೆ. ಮನ್ನಣೆ ಕೊಡುವವನ ಇಷ್ಟ, ಋಣ ಹಾಗಲ್ಲ. ಸಾಲ ಮಾಡಿದವನು ನಾನು ಮಾಡಿಲ್ಲ ಎಂದ ಮಾತ್ರಕ್ಕೆ ಸಾಲ ಅಳಿಯುವುದಿಲ್ಲ, ಅವನು ಸುಳ್ಳ ಅನ್ನಿಸಿಕೊಳ್ಳುತ್ತಾನೆ ಅಷ್ಟೆ. ಮಗುವನ್ನು ಲೋಕಕ್ಕೆ ತಂದವನು ಅದಕ್ಕೆ ಬಾಕಿದಾರ. ರಕ್ತ ಆ ಬಾಕಿಗೆ ಸಾಕ್ಷಿ, ಡಿಎನ್ಎ ಪರೀಕ್ಷೆಯೂ ಒಂದು ಸಾಕ್ಷಿ. ಸಾಕ್ಷಿಯ ಬೆಲೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಾಕ್ಷಿಯೇ ಸಂಬಂಧವೆಂದು ತಿಳಿದರೆ, ಏಳು ತಲೆಮಾರಿನ ಹಿಂದಿನ ಒಬ್ಬ ಗಂಡಸಿನ ಹೆಸರು ಸಿಕ್ಕಿದ ಕೂಡಲೇ ಹುಡುಕಾಟ ಮುಗಿಯಿತು ಎನ್ನಿಸುತ್ತದೆ. ಋಣದ ಲೆಕ್ಕ ಹಿಡಿದವನಿಗೆ ಅಲ್ಲಿ ಹುಡುಕಾಟ ಶುರುವಾಗುತ್ತದೆ: ಆ ಹೆಂಗಸು ಯಾರು, ಮಗುವನ್ನು ಸಾಕಿದವರು ಯಾರು, ಯಾರ ಕೂಲಿಯಿಂದ ಆ ಬಂಗಲೆ ಎದ್ದಿತು? ಎಲಿಯಟ್ಟನ ಪುಸ್ತಕಗಳಲ್ಲಿ ಜಾತಿಪದ್ಧತಿಯನ್ನು ಹೊಗಳುವ ದೀರ್ಘ ವಾದವಿದೆ. ಜಾತಿಯ ಕಟ್ಟು ಮಲೆಯ ಜನರನ್ನು ನೀತಿಯಲ್ಲಿ ಇಟ್ಟಿದೆ, ಪಾದ್ರಿಗಳು ಅದನ್ನು ಒಡೆಯಲು ಹೋಗಬಾರದು ಎಂಬ ಧಾಟಿ ಅವನದು. ಬೇರೆಯವರ ಮನೆಯ ಕಟ್ಟುಪಾಡು ದೂರದಿಂದ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಕುಲವನ್ನು ಕಟ್ಟಾಗಿ ನೋಡಿದ ದೊರೆಗೆ, ಅದೇ ಕುಲದವರಿಗೆ ತನ್ನ ತೋಟ ಎಷ್ಟು ಬಾಕಿ ಎಂಬುದು ಕುಲದ ಪ್ರಶ್ನೆಯಾಗಿ ಕಾಣಲಿಲ್ಲ.

ಇನ್ನೊಂದು ಆಕ್ಷೇಪ ನಮ್ಮ ಒಳಗಿನಿಂದಲೇ ಬರುತ್ತದೆ. ಕುಲ ಕೇಳುವುದೇ ತಪ್ಪು ಎಂದು ಸಾರಿದ ಶರಣರ ನಾಡಿನಲ್ಲಿ, ಗೋತ್ರವೂ ಒಂದು ಕರ್ಮ, ಆತ್ಮಪ್ರಶಂಸೆ ಪರನಿಂದೆಗಳಿಂದ ನೀಚಗೋತ್ರ ಅಂಟುತ್ತದೆ ಎಂದು ಕಲಿಸಿದ ಜೈನರ ಜಿಲ್ಲೆಯಲ್ಲಿ, ವಂಶಾವಳಿಯ ಗೋಜೇ ಏಕೆ? ಹಳೇಬೀಡಿನ ಬಸದಿಗಳಲ್ಲಿ ನಿಂತರೆ ಈ ಪ್ರಶ್ನೆ ಸಹಜ, ಆದರೆ ಅದೇ ಬಸದಿಗಳೇ ಅರ್ಧ ಉತ್ತರ ಕೊಡುತ್ತವೆ. 1133ರ ಪಾರ್ಶ್ವನಾಥ ಬಸದಿಯನ್ನು ಬೊಪ್ಪ ಕಟ್ಟಿಸಿದ್ದು ತನ್ನ ತಂದೆ ಗಂಗರಾಜನ ನೆನಪಿಗೆ. ಹುಟ್ಟಿನಿಂದ ಬರುವ ಮೇಲು ಕೀಳನ್ನು ಒಪ್ಪದ ಧರ್ಮವೂ ಪಡೆದದ್ದಕ್ಕೆ ಪ್ರತಿಯಾಗಿ ಕೊಡುವುದನ್ನು ಬೇಡವೆನ್ನಲಿಲ್ಲ. ಬಸವಣ್ಣನವರ ಹಾದಿ ಇನ್ನೂ ದಿಟ್ಟವಾದದ್ದು. ಹುಟ್ಟಿದ ಬ್ರಾಹ್ಮಣ ಕುಲವನ್ನು ಬಿಟ್ಟವರು ಕುಲವಿಲ್ಲದೆ ಉಳಿಯಲಿಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ತಮ್ಮ ಹಿರಿಯರೆಂದು, ಕಿನ್ನರಿ ಬ್ರಹ್ಮಯ್ಯನನ್ನು ಅಣ್ಣನೆಂದು ಕರೆದುಕೊಂಡರು. ಹೊಯ್ಸಳರೂ ಪೂರ್ವಜರನ್ನು ಆರಿಸಿಕೊಂಡರು, ಬಸವಣ್ಣನವರೂ ಆರಿಸಿಕೊಂಡರು. ಒಬ್ಬರು ಆರಿಸಿಕೊಂಡದ್ದು ತಮ್ಮ ಪಟ್ಟವನ್ನು ಎತ್ತರಿಸುವವರನ್ನು, ಇನ್ನೊಬ್ಬರು ಆರಿಸಿಕೊಂಡದ್ದು ತಮ್ಮ ಮೇಲಿನ ಬಾಕಿಯನ್ನು ಹೆಚ್ಚಿಸುವವರನ್ನು. ಚೆನ್ನಯ್ಯನನ್ನು ಅಪ್ಪ ಎಂದವರಿಗೆ ಅಗ್ರಹಾರದಲ್ಲಿ ಸಿಗುವ ಲಾಭವೇನಿತ್ತು?

ಎಲ್ಲಕ್ಕಿಂತ ಕಷ್ಟದ ಆಕ್ಷೇಪವನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಋಣ ಎಂಬುದು ಅಂಥ ಪವಿತ್ರ ವಸ್ತುವೇನಲ್ಲ. ತಲೆಮಾರುಗಳನ್ನು ಕಟ್ಟಿಹಾಕಿದ ಹಗ್ಗವೂ ಅದೇ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬದಿಯಲ್ಲಿ ಕುವರ ಲಕ್ಷ್ಮನ ಸ್ತಂಭವಿದೆ. 1220ರ ಹೊತ್ತಿಗೆ ವೀರಬಲ್ಲಾಳ ತೀರಿಕೊಂಡಾಗ ಅವನ ಗರುಡನಾಗಿದ್ದ, ಅಂದರೆ ಒಡೆಯನೊಡನೆ ಸಾಯುವ ಆಣೆ ಹೊತ್ತ ಅಂಗರಕ್ಷಕನಾಗಿದ್ದ ಲಕ್ಷ್ಮ, ಲಕ್ಷ್ಮನ ಹೆಂಡತಿ ಸುಗ್ಗಲದೇವಿ, ಜೊತೆಗಾರರು ಪ್ರಾಣ ಬಿಟ್ಟದ್ದಕ್ಕೆ ಅದು ಗುರುತು. ಕಂಬದ ಮೇಲೆ ಕತ್ತಿ ಹಿಡಿದು ತಮ್ಮ ತಲೆಯನ್ನೇ ಕೊಯ್ದುಕೊಳ್ಳುವ ವೀರರನ್ನು ಕಡೆದಿದ್ದಾರೆ. ಅನ್ನದ ಋಣ ರಕ್ತದ ಸಂಬಂಧಕ್ಕಿಂತ ಮಿಗಿಲು ಎಂದು ಅವರು ನಂಬಿದ್ದರು, ನಂಬಿ ಸತ್ತರು. ಇದನ್ನು ಆದರ್ಶ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕಾಫಿ ತೋಟಗಳ ಮುಂಗಡ ಇದರ ಕಳಪೆ ರೂಪ: ಅಪ್ಪ ಮದುವೆಗೋ ಕಾಯಿಲೆಗೋ ಈಸಿಕೊಂಡ ಹಣ ಚೆಕ್‌ರೋಲಿನಲ್ಲಿ ಮಗನ ಹೆಸರಿಗೆ ಇಳಿಯುವುದು, ಮಗ ತೋಟ ಬಿಡಲಾಗದೆ ನಿಲ್ಲುವುದು. ಕರಾರು ಮುರಿದ ಕೂಲಿಯಾಳನ್ನು ಶಿಕ್ಷಿಸಲು ಬ್ರಿಟಿಷರು 1859ರಲ್ಲೇ ಕಾಯಿದೆ ಮಾಡಿದ್ದರು. ಜೀತದ ಸಾಲಗಳನ್ನು ರದ್ದುಮಾಡುವ ಕಾನೂನು ಬರಲು 1976ರವರೆಗೆ ಕಾಯಬೇಕಾಯಿತು. ವಂಶವೆಂದರೆ ಋಣದ ಸಾಲು ಎನ್ನುವ ನಾನು ಈ ಸಾಲನ್ನೂ ಹೊಗಳಬೇಕೇ?

ಇಲ್ಲಿ ಮತ್ತೆ ವಿಜ್ಞಾನೇಶ್ವರನ ಪರಂಪರೆ ನೆರವಿಗೆ ಬರುತ್ತದೆ. ಅಪ್ಪನ ಸಾಲ ಮಗನ ಮೇಲೆ ಧರ್ಮದ ಹೊರೆ ಎಂದ ಸ್ಮೃತಿಯೇ, ಕುಡಿತಕ್ಕೆ, ಜೂಜಿಗೆ, ಕಾಮಕ್ಕೆ ಮಾಡಿದ ಸಾಲವನ್ನೂ, ಕಟ್ಟದೆ ಉಳಿದ ದಂಡ ಸುಂಕಗಳನ್ನೂ ಮಗ ತೀರಿಸಬೇಕಿಲ್ಲ ಎಂದಿದೆ. ಕಾಗದದಲ್ಲಿ ಬರೆದ ಬಾಕಿಯೆಲ್ಲ ಪಿತೃಋಣವಲ್ಲ ಎಂಬ ವಿವೇಕ ಹಿಂದಿನವರಿಗೂ ಇತ್ತು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಈ ಹೊರೆಯನ್ನು ಮುಂದಿನ ಸಾಲಗಳ ಮಟ್ಟಿಗೆ ಪೂರ್ತಿ ತೆಗೆದುಹಾಕಿತು. ಮಗ, ಮೊಮ್ಮಗ, ಮರಿಮಗ ಎಂದು ಅದು ಹೆಸರಿಸಿದ ಮೂವರು ಪಿಂಡ ಕೊಡಬೇಕಾದ ಅದೇ ಮೂವರು. ನಾನು ಹೇಳುವ ಋಣಕ್ಕೂ ಮುಂಗಡಕ್ಕೂ ಇರುವ ವ್ಯತ್ಯಾಸ ದಿಕ್ಕಿನದು. ತರ್ಪಣದಲ್ಲಿ ಪಡೆದವನು ತನ್ನನ್ನು ಸಾಲಗಾರ ಎಂದುಕೊಳ್ಳುತ್ತಾನೆ, ಕೊಟ್ಟುಹೋದವರಿಗೆ ನೀರು ಬಿಡುತ್ತಾನೆ. ಚೆಕ್‌ರೋಲಿನಲ್ಲಿ ಇದು ತಲೆಕೆಳಗಾಗಿದೆ. ಗಿಡ ನೆಟ್ಟು, ಕಸಿ ಮಾಡಿ, ಹಣ್ಣು ಕೊಯ್ದು, ಕಾಡನ್ನು ತೋಟವಾಗಿ ಕೊಟ್ಟವನೇ ಅಲ್ಲಿ ಬಾಕಿದಾರ. ತೋಟ ಪಡೆದವನು ಸಾಹುಕಾರ. ಲೈನ್ ಮನೆಯ ಕುಟುಂಬ ತನ್ನ ವಂಶಾವಳಿಯನ್ನು ಹುಡುಕಿಕೊಂಡು ಆ ಪುಸ್ತಕಕ್ಕೆ ಬಂದರೆ ಅಜ್ಜನ ಹೆಸರಿನ ಎದುರಿಗೆ ಅವನು ಕೊಡಬೇಕಾದ ಮೊತ್ತ ಸಿಗುತ್ತದೆ, ಅವನಿಗೆ ಬರಬೇಕಾದ್ದು ಸಿಗುವುದಿಲ್ಲ.

ಎಸ್.ಎಲ್. ಭೈರಪ್ಪನವರು ಇದೇ ಹಾಸನ ಜಿಲ್ಲೆಯ ಸಂತೇಶಿವರದವರು. ಅವರ 1965ರ ‘ವಂಶವೃಕ್ಷ’ದಲ್ಲಿ ವಂಶದ ಶುದ್ಧಿಯನ್ನೇ ಉಸಿರಾಗಿಸಿಕೊಂಡಿದ್ದ ಶ್ರೀನಿವಾಸ ಶ್ರೋತ್ರಿಗಳಿಗೆ ತಮ್ಮ ಹುಟ್ಟೇ ಆ ವಂಶದ್ದಲ್ಲ ಎಂದು ಇಳಿವಯಸ್ಸಿನಲ್ಲಿ ತಿಳಿಯುತ್ತದೆ. ರಕ್ತದ ಮೇಲೆ ನಿಂತ ನಂಬಿಕೆ ಕುಸಿಯಿತು ಎಂದು ಇದನ್ನು ಓದುವವರು ಬಹಳ. ನನಗೆ ಮುಖ್ಯವೆನಿಸುವುದು ಶ್ರೋತ್ರಿಗಳು ಆಮೇಲೆ ಮಾಡಿದ್ದು: ಆಸ್ತಿ ತಮ್ಮದಲ್ಲವೆಂದು ಕಂಡ ಮೇಲೆ ಅದನ್ನು ಇಟ್ಟುಕೊಳ್ಳಲಿಲ್ಲ. ವಂಶದ ಹುಡುಕಾಟ ಅವರಿಗೆ ತಮ್ಮ ಕೈಯಲ್ಲಿರುವುದು ಯಾರದು ಎಂಬ ಪ್ರಶ್ನೆಯಾಯಿತು. ಎಡಿನ್‌ಬರೋದಿಂದ ಗೋರಿ ಹುಡುಕಿಕೊಂಡು ಬರುವ ಮರಿಮೊಮ್ಮಗನನ್ನೂ, ದೊರೆಗಳಿಂದ ತೋಟ ಕೊಂಡು ಮೂರು ತಲೆಮಾರಾದ ನಮ್ಮವರನ್ನೂ ಕೇಳಬಹುದಾದದ್ದು ಅಷ್ಟೇ. ಸ್ವಾತಂತ್ರ್ಯದ ಆಚೀಚೆ ತೋಟಗಳು ಕೈಬದಲಾದಾಗ ಚೆಕ್‌ರೋಲೂ ಮುಂಗಡದ ಪುಸ್ತಕವೂ ಹೊಸ ಯಜಮಾನರ ಕಪಾಟಿಗೆ ಬಂದವು. ಹಳೆಯ ದೊರೆಯ ವಂಶಸ್ಥರೆಂದು ತಮ್ಮನ್ನು ಅವರು ಹೇಳಿಕೊಳ್ಳುವುದಿಲ್ಲ, ರಕ್ತದ ಲೆಕ್ಕದಲ್ಲಿ ಅದು ಸರಿಯೇ. ಋಣದ ಲೆಕ್ಕದಲ್ಲಿ ಅವರೇ ಅವನ ಹತ್ತಿರದ ವಾರಸುದಾರರು. ಗೆದ್ದಲು ಹಿಡಿಯುವ ಮುನ್ನ ಆ ಪುಸ್ತಕಗಳನ್ನು ಲೈನ್ ಮನೆಯವರ ಮೊಮ್ಮಕ್ಕಳು ಓದುವ ಹಾಗೆ ತೆರೆದಿಡುವುದು ಅವರಿಂದ ಆಗುವ ಕೆಲಸ.